ಮಂಡಿಯ ಮುಂದಿನ ಹೆಂಗಸು

ಕಲ್ಲಿಗೆ ಸೀರೆ ಉಡಿಸಿಬಿಟ್ಟಿದ್ದರು!

ಬೇಲೂರಿನ ಬಸ್ಸಿಳಿದು ಬಂದ ಯೋಗನರಸಿಂಹ ಅರಸೀಕೆರೆಯ ಕೊಬ್ಬರಿ ಮಂಡಿಯ ಮುಂದೆ ನಿಂತಲ್ಲೇ ನಿಂತ. ಮಂಡಿಯವರು ಕೇಳಿದರೆಂದು ಏಳು ತಿಂಗಳು ಉಳಿ ಹಿಡಿದು ಅವನು ಕಡೆದದ್ದು ಅಲ್ಲಿಯ ಕೂಲಿ ಬೋರಮ್ಮನನ್ನು. ಮೂಟೆ ಹೊತ್ತು ವಾಲಿದ ಭುಜ, ಸೀಳು ಬಿಟ್ಟ ಹಿಮ್ಮಡಿ, ಬರಿಗೊರಳು. ಮದರಾಸಿನಲ್ಲಿ ಶಿಲ್ಪಕಲೆ ಕಲಿತು ಬಂದವನು. ಗುಡಿಯ ಮದನಿಕೆಯರನ್ನು ನಕಲು ಮಾಡಲಾರೆನೆಂದು ಹಟ ತೊಟ್ಟಿದ್ದ. ಈಗ ಆ ಭುಜವೂ ಇಲ್ಲ, ಹಿಮ್ಮಡಿಯೂ ಇಲ್ಲ. ಜರಿಸೀರೆ, ಕಾಸಿನ ಸರ, ಮುಖದ ತುಂಬ ಅರಿಶಿನ, ಸುತ್ತ ಕಬ್ಬಿಣದ ಬೇಲಿ. ಸ್ವಾತಂತ್ರ್ಯ ಬಂದು ಹನ್ನೊಂದು ವರ್ಷವಾಗಿತ್ತು. ಬೇಲಿ ಮಾತ್ರ ಹೊಸದು.

ಬೇಲಿಯಾಚೆ ಬೋರಮ್ಮ ನಿಂತಿದ್ದಳು.

"ಏನ್ ಸ್ವಾಮಿ, ನನ್ ಮಕ ಅಂದ್ರಲ್ಲ? ಒಸಿ ನೋಡಾನ ಅಂತ ಬಂದ್ರೆ, ದೂರ ನಿಂತ್ಕೋ, ಮೈಲ್ಗೆ ಆಯ್ತೈತೆ ಅಂತವ್ರೆ. ನನ್ ಮಕಕ್ಕೆ ನಾನೇ ಮೈಲ್ಗೆನಾ?"

ನಗುತ್ತಲೇ ಕೇಳಿದಳು. ಆ ನಗು ಅವನ ಎದೆಗೆ ಕೆಂಡ ಸುರಿಯಿತು.

ಮಂಡಿ ಯಜಮಾನ ಷಡಕ್ಷರಪ್ಪ ಆರತಿ ತಟ್ಟೆ ಹಿಡಿದೇ ಬಂದ. "ಬನ್ನಿ ಶಿಲ್ಪಿಗಳೇ! ಬೋಳುಬೋಳಾಗಿ ಕೆತ್ತಿದ್ರಿ ಕಣ್ರೀ. ನೋಡಿ, ಈಗ ಲಕ್ಷ್ಮಿ ಆದ್ಲು."

"ಇದು ಲಕ್ಷ್ಮಿ ಅಲ್ಲ ಕಣ್ರೀ. ನಿಮ್ಮ ಮೂಟೆ ಹೊರೋ ಹೆಂಗಸು. ಸೀರೆ ತೆಗೀರಿ."

"ಕೂಲಿಯೋಳ್ನ ಯಾರಾದ್ರೂ ಮಂಡಿ ಮುಂದೆ ನಿಲ್ಲುಸ್ತಾರೇನ್ರೀ? ಪ್ರತಿಷ್ಠೆ ಆಗೋಯ್ತು. ಇನ್ನು ನೀವೂ ಮುಟ್ಟಂಗಿಲ್ಲ."

ಯೋಗನರಸಿಂಹನ ಅಪ್ಪ ಬೇಲೂರಿನ ಗುಡಿಯಲ್ಲಿ ಪರಿಚಾರಕರಾಗಿ ಸವೆದವರು. ಯಾವ ಮೂರ್ತಿಗೆ ಪೂಜೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂಬುದನ್ನು ಅವನು ಊಟದೆಲೆಯ ಮುಂದೆ ಕೂತೇ ಕಲಿತಿದ್ದ. ಚೂರು ಮುಕ್ಕಾದರೆ ಸಾಕು, ಅದು ದೇವರಲ್ಲ.

ಬೇಲಿ ಹಾರಿದ. ಚೀಲದಿಂದ ಸುತ್ತಿಗೆ ತೆಗೆದ. ಸೊಂಟದ ಮೇಲಿಟ್ಟ ಆ ಕೈಯನ್ನು ತಿದ್ದಲು ಅವನಿಗೆ ಹದಿನೆಂಟು ದಿನ ಹಿಡಿದಿತ್ತು. ಅದರ ಮೇಲೇ ಹೊಡೆದ. ಎರಡು ಬೆರಳು ನೆಲಕ್ಕುರುಳಿದವು.

"ಭಿನ್ನ ಮಾಡ್ದ! ಅಯ್ಯೋ ಪಾಪಿ, ಭಿನ್ನ ಮಾಡಾಕ್ದ!" ಷಡಕ್ಷರಪ್ಪ ಕೂಗಿದ.

"ಹೂಂ, ಮಾಡ್ದೆ. ಈಗ ಎತ್ತಿ ನಿಮ್ಮ ಆರತೀನ!"

ಮಧ್ಯಾಹ್ನದೊಳಗೆ ಸೀರೆ, ಸರ ಯಜಮಾನರ ಮನೆ ಸೇರಿದವು. ಭಿನ್ನವಾದದ್ದು ಎದುರಿಗಿರಬಾರದೆಂದು ಆಳುಗಳು ಕಲ್ಲಿಗೆ ಹಗ್ಗ ಕಟ್ಟಿ ಹಿತ್ತಲಿಗೆಳೆದು, ಕಾಯಿಸಿಪ್ಪೆಯ ರಾಶಿಯ ಪಕ್ಕ ನಿಲ್ಲಿಸಿ ಹೋದರು. ಉಣ್ಣುವ ಹೊತ್ತಿಗೆ ಕೂಲಿ ಹೆಂಗಸರು ಅಲ್ಲಿಗೆ ಬಂದರು.

"ನಿನಗಿಂತ ಅವ್ಳೇ ವಾಸಿ ಕಣಮ್ಮಿ, ಬಾಯೇ ಇಲ್ಲ," ಒಬ್ಬಳು ಕಿಚಾಯಿಸಿದಳು.

"ಸುಮ್ಕಿರೇ," ಎನ್ನುತ್ತ ಬೋರಮ್ಮ ಕಲ್ಲಿನ ಕಾಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತು, ಮುದ್ದೆಯ ಗಂಟು ಬಿಚ್ಚಿದಳು.