ಒಳಗೇ ಉಳಿದ ಸೀನು

ಹಾಸಿಗೆ ಹೊಲಿಯುವವನಿಗೆ ಸೀನು ಹೊಸದೇನಲ್ಲ. ಆದರೆ ಈ ಹಾಸಿಗೆಯವನಿಗೆ ಮೂವತ್ತು ವರ್ಷದಿಂದ ಸೀನು ಜೋಡಿಯಾಗಿಯೇ ಬರುತ್ತಿತ್ತು. ಮೊದಲನೆಯದಕ್ಕೆ ಅಂಗಡಿಯ ಹತ್ತಿಯೆಲ್ಲ ಎದ್ದು ಸೂರಿಗೆ ಅಂಟಿಕೊಳ್ಳುತ್ತಿತ್ತು. ಎರಡನೆಯದಕ್ಕೆ ತಗ್ಗಿಬಗ್ಗಿ ಇಳಿದು ಬಂದು ತಾನಾಗಿ ಹಾಸಿಗೆಯೊಳಗೆ ಕೂರುತ್ತಿತ್ತು. ನಂಬದವರು ಹೋಗಿ ಸೂರು ನೋಡಬಹುದು. ಹನ್ನೊಂದು ತಿಂಗಳಿಂದ ಹತ್ತಿ ಅಲ್ಲೇ ಇದೆ.

ಎರಡನೇ ಸೀನು ಬರುವುದು ನಿಂತು ಹನ್ನೊಂದು ತಿಂಗಳಾಗಿತ್ತು. ಹೆಂಡತಿ ತೀರಿಹೋಗಿಯೂ ಹನ್ನೊಂದು ತಿಂಗಳೇ. ಆದರೆ ಆ ಲೆಕ್ಕವನ್ನು ಅವನು ಬೇರೆ ಇಟ್ಟಿದ್ದ.

ಒಂದು ಸೀನಿದ ಮೇಲೆ ಬಾಯಿ ತೆರೆದು, ಸೂಜಿಯನ್ನು ಗಾಳಿಯಲ್ಲೇ ಹಿಡಿದು ಕಾಯುತ್ತಿದ್ದ. ಮೂಗಿನ ಬುಡದಲ್ಲಿ ಏನೋ ಹೊರಡುತ್ತಿತ್ತು. ಅರ್ಧ ದಾರಿಗೆ ಬಂದು, ಬೇಡವೆನಿಸಿ, ವಾಪಸ್ಸು ಹೋಗುತ್ತಿತ್ತು. ಹೋಗುವುದಾದರೂ ಎಲ್ಲಿಗೆ? ತಲೆಯೊಳಕ್ಕೇ ತಾನೆ?

ಡಾಕ್ಟರು ಟಾರ್ಚು ಬಿಟ್ಟು ಎರಡೂ ಹೊಳ್ಳೆ ನೋಡಿದರು.

“ಏನೂ ಇಲ್ಲ ಯಜಮಾನ್ರೇ. ಒಂದು ಸೀನು ಕಮ್ಮಿ ಆದ್ರೆ ಒಳ್ಳೇದೇ ಅಲ್ವಾ?”

“ಕಮ್ಮಿ ಆಗಿಲ್ಲ ಡಾಕ್ಟ್ರೇ, ಒಳಗೇ ಉಳ್ಕೊಂಡಿದೆ. ದಿನಕ್ಕೆ ಮೂರು ಅಂದ್ರೂ ಸಾವಿರದ ಹತ್ರ ಆಯ್ತು. ಎಲ್ಲಾ ಒಟ್ಟಿಗೆ ಹೊರಟ್ರೆ ಈ ತಲೆ ತಡ್ಕೊಳ್ಳುತ್ತಾ?”

“ಮನೇಲಿ ಯಾರಿದ್ದಾರೆ?”

“ಯಾರೂ ಇಲ್ಲ. ಅದೊಂದು ಪುಣ್ಯ. ಗೋಡೆ ಬಿದ್ರೂ ನಾನೊಬ್ನೇ.”

ಡಾಕ್ಟರು ನಿದ್ದೆ ಮಾತ್ರೆ ಬರೆದುಕೊಟ್ಟರು.

ಅಂಗಡಿಯ ಹಿಂದಿನ ಕೋಣೆಯೇ ಮನೆ. ಅಲ್ಲಿ ಅವನೇ ಹೊಲಿದ ಜೋಡಿ ಹಾಸಿಗೆ. ಅವನು ಮಲಗುವ ಕಡೆ ಹಳ್ಳ ಬಿದ್ದಿತ್ತು. ಇನ್ನೊಂದು ಕಡೆ ದಿನದಿಂದ ದಿನಕ್ಕೆ ಉಬ್ಬಿಕೊಂಡು, ಈಗ ಆ ಬದಿಯ ಗೋಡೆಯೇ ಕಾಣದಷ್ಟು ಎತ್ತರವಾಗಿತ್ತು. ತಲೆ ಸಿಡಿದರೆ ಗಾಜು ಉಳಿಯಲೆಂದು ಅವನು ಕಿಟಕಿ ತೆರೆದೇ ಮಲಗುತ್ತಿದ್ದ.

ಭಾನುವಾರ ಸಂಜೆ ಅಂಗಡಿಯಲ್ಲಿರುವಾಗ ಹೆಂಡತಿಯ ತಂಗಿ ಫೋನು ಮಾಡಿದಳು. ಪ್ರತಿ ಭಾನುವಾರ ಮಾಡುತ್ತಿದ್ದಳು. ಊಟ ಆಯ್ತಾ, ಹುಷಾರಾಗಿದೀರಾ, ಇಡ್ಲಾ, ಇಷ್ಟೇ. ಈ ಸಲ ಅವಳು ಊಟದ ಮಾತು ಕೇಳುವ ಮೊದಲೇ ಅವನು ಸೀನಿದ. ಆ ಕಡೆ ಸದ್ದಿಲ್ಲ.

“ಹಲೋ, ಇದೀಯೇನಮ್ಮಾ?”

“ಇದೀನಿ ಭಾವ. ಇನ್ನೊಂದು ಬರಲಿ ಅಂತ ಕಾಯ್ತಿದೀನಿ.”

“ಅದು ಬರಲ್ಲ ಬಿಡು.”

“ಯಾಕೆ ಬರಲ್ಲ? ನೀವು ಸೀನಿದ್ರೆ ಅಕ್ಕ ಕೈಲಿದ್ದ ಕೆಲ್ಸ ಬಿಟ್ಟು ನಿಂತ್ಬಿಡ್ತಿದ್ಲು. ಒಂದ್ಸಲ ನನ್ನ ತಲೆ ಬಾಚ್ತಾ ಬಾಚಣಿಗೆ ಕೂದಲಲ್ಲೇ ಬಿಟ್ಟು ನಿಂತಿದ್ಲು. ಸುಮ್ನಿರೇ, ಇನ್ನೊಂದು ಬಾಕಿ ಇದೆ ಅಂತ ನನ್ನ ಬಾಯಿ ಬೇರೆ ಮುಚ್ಚಿಸಿದ್ಲು.”

ಇದು ಅವನಿಗೆ ಗೊತ್ತಿರಲಿಲ್ಲ. ಸೀನುವಾಗ ಅವನ ಕಣ್ಣು ಮುಚ್ಚಿರುತ್ತಿತ್ತಲ್ಲ.

ಕೈಲಿದ್ದ ಸೂಜಿಯನ್ನು ಹಾಸಿಗೆಗೆ ಚುಚ್ಚಿಟ್ಟ. ಆಮೇಲೆ ಕೇಳಿದ, “ಫೋನ್ ಇಡ್ತೀಯಾ?”

“ಇಡಲ್ಲ. ನೀವು ಸೀನಿ.”

ಆ ಕಡೆ ನಲ್ಲಿ ನಿಲ್ಲಿಸಿದ ಸದ್ದಾಯಿತು. ಟಿವಿ ಆರಿತು. ಯಾರಿಗೋ “ಶ್” ಅಂದಳು. ಒಂದು ಮನೆಗೆ ಮನೆಯೇ ತನ್ನ ಮೂಗಿಗಾಗಿ ಸುಮ್ಮನಾಗಿದೆ ಎಂದು ಅವನಿಗೆ ಅನ್ನಿಸುವಷ್ಟರಲ್ಲಿ ಬಂತು.

ಸೂರಿನಿಂದ ಒಂದೇ ಒಂದು ಹಿಡಿ ಹತ್ತಿ ಕಳಚಿ ಅವನ ನೆತ್ತಿಯ ಮೇಲೆ ಕೂತಿತು.

“ಬಂತು.”

“ಕೇಳಿಸ್ತು. ಕಿವಿ ಹೋಯ್ತು ನಂದು. ಊಟ ಆಯ್ತಾ?”

“ಇನ್ನೂ ಒಂಬೈನೂರ ಚಿಲ್ಲರೆ ಇದೆ ಕಣಮ್ಮಾ.”

“ಇರಲಿ ಭಾವ. ಮುಂದಿನ ವಾರ ಒಂದು ತೆಗೆಯೋಣ.”

ಸೋಮವಾರ ಬೆಳಿಗ್ಗೆ ಹೊಸ ಹತ್ತಿ ಬಿಡಿಸಲು ಕೂತಾಗ ಮೂಗು ಕೆರೆಯಿತು. ಅವನು ಅದನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದು, ಖಾಲಿ ಅಂಗಡಿಗೆ ಕೇಳುವಂತೆ, “ಭಾನುವಾರ ಬಾ” ಎಂದ.