ಎಂಟು ದೀಪಕ್ಕೆ ಎಂಟು ಹೆಸರು

ಇಪೋ ಊರಿನ ಹಳೇ ಪೇಟೆಯ ವಾನ್ ಸಾಂಗ್ ಎಂಬ ಚೀನೀಯರ ಹಿತವರ್ಧಕ ಸಂಘಕ್ಕೆ ಫೈರ್ ಅಲಾರಾಂ ಬೇಕು ಅನ್ನಿಸಿದ್ದು ಬೆಂಕಿಯ ಭಯದಿಂದಲ್ಲ. ತೊಂಬತ್ತು ವರ್ಷದ ಆ ಕಟ್ಟಡದಲ್ಲಿ ಮರದ ನೆಲ, ಮರದ ಮೆಟ್ಟಿಲು, ಮೂರನೇ ಮಹಡಿಯಲ್ಲಿ ತೀರಿಹೋದ ಹಿರಿಯರ ಪೀಠದ ಮುಂದೆ ಆರದೆ ಉರಿಯುವ ಊದುಬತ್ತಿ, ಎಲ್ಲವೂ ಇದ್ದವು. ಅದರಿಂದ ಯಾವ ಸದಸ್ಯನಿಗೂ ಒಂದು ದಿನ ನಿದ್ದೆ ಕೆಟ್ಟಿರಲಿಲ್ಲ. ಆದರೆ ಅಗ್ನಿಶಾಮಕ ದಳದಿಂದ ಒಂದು ಕಾಗದ ಬಂತು. ಅಲಾರಾಂ ಹಾಕಿಸದಿದ್ದರೆ ಮುಂದಿನ ವರ್ಷದಿಂದ ಈ ಕಟ್ಟಡದಲ್ಲಿ ಸಮಾರಂಭದ ಊಟ ನಡೆಸುವಂತಿಲ್ಲ. ಊಟದ ಮಾತು ಬಂದ ಮೇಲೆ ಸಂಘ ಎದ್ದು ಕೂತಿತು.

ಕೆಲಸ ಅರುಳಪ್ಪನ್ ಪಾಲಿಗೆ ಬಂತು. ಅವನಿಗೆ ಐವತ್ತೆರಡು, ಮೊಣಕಾಲು ನೋವು, ಮೂವತ್ತು ವರ್ಷದಿಂದ ಊರಿನ ಕಟ್ಟಡಗಳಿಗೆ ಅಲಾರಾಂ ಹಾಕುತ್ತ ಬಂದವನು. ಚೀನೀಯರ ಕಾಫಿ ಅಂಗಡಿಯ ಹಿಂದಿನ ಸಂದಿಯಲ್ಲಿ ಬೆಳೆದವನಾದ್ದರಿಂದ ಮನೆಯ ತಮಿಳಿನಷ್ಟೇ ಸಲೀಸಾಗಿ ಕ್ಯಾಂಟನೀಸ್ ಆಡುತ್ತಿದ್ದ. ಗೋಡೆಯ ಮೇಲೆ ಎಳೆದ ವೈರು ಒಂದು ಬೆರಳು ಓರೆಯಾದರೂ ಕಿತ್ತು ಮತ್ತೆ ಎಳೆಯುವ ಜಾಯಮಾನ.

ಸಮಿತಿಯ ಸಭೆಯಲ್ಲಿ ಅವನು ಪ್ಯಾನೆಲನ್ನು ಮೇಜಿನ ಮೇಲಿಟ್ಟು ವಿವರಿಸಿದ. ಬೂದು ಬಣ್ಣದ ತಗಡಿನ ಪೆಟ್ಟಿಗೆ, ಮುಖದ ಮೇಲೆ ಎಂಟು ಜೋಡಿ ಪುಟ್ಟ ದೀಪ.

"ಕಟ್ಟಡಾನ ಎಂಟು ಭಾಗ ಮಾಡ್ತೀನಿ. ಒಂದೊಂದು ಭಾಗಕ್ಕೆ ಒಂದೊಂದು ಲೈನು. ಎಲ್ಲಿ ಹೊಗೆ ಬಂತೋ ಆ ಭಾಗದ ದೀಪ ಕೆಂಪಗಾಗುತ್ತೆ, ಗಂಟೆ ಹೊಡೆಯುತ್ತೆ. ವೈರು ಎಲ್ಲಾದ್ರೂ ಕಿತ್ತೋದ್ರೆ ಹಳದಿ. ಇಷ್ಟೇ. ಇದಕ್ಕಿಂತ ಜಾಸ್ತಿ ಬುದ್ಧಿ ಈ ಪೆಟ್ಟಿಗೆಗಿಲ್ಲ."

ಕಾರ್ಯದರ್ಶಿ ಫೂನ್ ಮೇಡಂ ಕನ್ನಡಕ ಸರಿಮಾಡಿಕೊಂಡರು. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದ ಅವರಿಗೆ ಯಾವುದನ್ನು ಕಂಡರೂ ಅದಕ್ಕೊಂದು ಪಟ್ಟಿ ಕಾಣುತ್ತಿತ್ತು. "ಎಂಟು ದೀಪ ಅಂದ್ರೆ ಎಂಟು ಜನ ದಾನಿಗಳು," ಎಂದರು. "ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ದೀಪ."

ಅಧ್ಯಕ್ಷ ದಾತೋ ಲಿಯೂ ಗಂಟಲು ಸರಿಮಾಡಿಕೊಂಡರು. ಸರ್ಕಾರ ದಾತೋ ಎಂಬ ಬಿರುದು ಕೊಟ್ಟಂದಿನಿಂದ ಅವರು ಕೆಮ್ಮಿದರೂ ಅದರಲ್ಲಿ ಒಂದು ಗತ್ತಿತ್ತು. "ಒಂದನೇದು ನಂದು. ಅದ್ರಲ್ಲಿ ಮಾತಿಲ್ಲ."

"ತಗೊಳ್ಳಿ, ತಗೊಳ್ಳಿ," ಎಂದು ಉಪಾಧ್ಯಕ್ಷ ಸೂಂಗ್ ಧಾರಾಳವಾಗಿ ಕೈ ಬೀಸಿದ. ಅವನದು ಪೀಠೋಪಕರಣದ ಅಂಗಡಿ. "ನಂಗೆ ಎಂಟು ಸಾಕು."

ದಾತೋ ಮುಖ ಕಪ್ಪಿಟ್ಟಿತು. ಎಂಟು ಐಶ್ವರ್ಯದ ಅಂಕಿ. ಕಾರಿನ ನಂಬರಿಗೆ ಅದು ಬೇಕೆಂದು ಜನ ಜಗಳವಾಡುತ್ತಾರೆ. ಆದರೆ ಒಂದನ್ನು ಕೇಳಿ ಆಗಿಹೋಗಿತ್ತು, ವಾಪಸು ತೆಗೆದುಕೊಂಡರೆ ಮರ್ಯಾದೆ ಹೋಗುತ್ತದೆ.

ಉಳಿದವು ಹಂಚಿ ಮುಗಿದಾಗ ನಾಲ್ಕು ಮಾತ್ರ ಅನಾಥವಾಗಿ ನಿಂತಿತು. ಅವರ ಭಾಷೆಯಲ್ಲಿ ನಾಲ್ಕು ಎಂದರೂ ಸಾವು ಎಂದರೂ ಹೆಚ್ಚು ಕಡಿಮೆ ಒಂದೇ ಸದ್ದು. ಯಾರೂ ಅದರ ಕಡೆ ಕಣ್ಣು ಹಾಯಿಸಲಿಲ್ಲ.

ಆಗ ಟೀ ಸುರಿಯುತ್ತಿದ್ದ ಕಾವಲುಗಾರ ಯಿಪ್, ಎಪ್ಪತ್ತೊಂದರ ಮುದುಕ, "ನನ್ನ ಹೆಸರಿಗೆ ಹಾಕ್ಬಿಡಿ. ನನ್ನ ವಯಸ್ಸಿಗೆ ನಾಲ್ಕಾದ್ರೇನು, ಐದಾದ್ರೇನು," ಎಂದ. ದುಡ್ಡಿಲ್ಲದೆ ದಾನಿಯಾದ ಏಕೈಕ ಮನುಷ್ಯ ಅವನು.

ಮುಂದೆ ಜಾಗದ ಪ್ರಶ್ನೆ ಎದ್ದಿತು. ಒಂದನೇ ಭಾಗ, ಅಂದರೆ ಒಂದನೇ ಝೋನು, ಸಾಮಾನ್ಯವಾಗಿ ನೆಲಮಹಡಿ, ಬಾಗಿಲ ಹತ್ತಿರ ಎಂದು ಅರುಳಪ್ಪನ್ ಹೇಳಿದ.

"ಅಂದ್ರೆ ನನ್ನ ಹೆಸರು ಚಪ್ಪಲಿ ಬಿಡೋ ಜಾಗದಲ್ಲಾ?" ಎಂದರು ದಾತೋ.

ಹೀಗೆ ಒಂದನೇ ಝೋನು ಮೂರನೇ ಮಹಡಿಯ ಪೀಠದ ಹಜಾರಕ್ಕೆ ಹಾರಿತು. ಸಿಂಹ ಕುಣಿತದ ತಂಡಕ್ಕೆ ವೇಷ ಕೊಡಿಸಿದವನು ತಾನೆಂದು ಸೂಂಗ್ ಎಂಟನ್ನು ಎರಡನೇ ಮಹಡಿಯಲ್ಲಿ ಆ ವೇಷಗಳನ್ನಿಡುವ ಸಿಂಹದ ಕೋಣೆಗೆ ಹಾಕಿಸಿಕೊಂಡ. ಫೂನ್ ಮೇಡಂ ಎರಡನ್ನು ತಮ್ಮ ಆಫೀಸಿಗೆ ತಂದರು. ಅಡುಗೆಮನೆ ಏಳಾಯಿತು, ಬಾಗಿಲು ಐದಾಯಿತು.

ಅರುಳಪ್ಪನ್ ತಲೆ ಕೆಡಿಸಿಕೊಳ್ಳಲಿಲ್ಲ. "ಯಾವ ನಂಬರಾದ್ರೂ ಸರಿ, ಬಾಸ್. ವೈರಿಗೆ ಎಣಿಕೆ ಬರಲ್ಲ. ಆದ್ರೆ ದೀಪದ ಪಕ್ಕ ಜಾಗದ ಹೆಸರು ಬರೀಲೇಬೇಕು. ನೋಡಿದವರಿಗೆ ಎಲ್ಲಿಗೆ ಓಡ್ಬೇಕು ಅಂತ ಗೊತ್ತಾಗ್ಬೇಕಲ್ಲ."

"ಬರಿ, ಬರಿ," ಎಂದರು ಎಲ್ಲರೂ.

ಎರಡು ವಾರ ಏಣಿಯ ಮೇಲೆ ಕಳೆಯಿತು. ಒಂದೊಂದು ಲೈನಿನ ಕೊನೆಯ ಡಿಟೆಕ್ಟರಿನಲ್ಲೂ ಅರುಳಪ್ಪನ್ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ರೆಸಿಸ್ಟರ್ ಸಿಕ್ಕಿಸಿದ. ಅದರ ಮೂಲಕ ಹರಿಯುವ ಚೂರು ಕರೆಂಟಿನಿಂದಲೇ ಲೈನು ಕೊನೆಯವರೆಗೂ ನೆಟ್ಟಗಿದೆ ಎಂದು ಪ್ಯಾನೆಲಿಗೆ ತಿಳಿಯುವುದು. ಅಡುಗೆಮನೆಗೆ ಹೊಗೆಗೆ ಮಿಸುಕದ, ಬಿಸಿಗೆ ಮಾತ್ರ ಎಚ್ಚರಾಗುವ ಡಿಟೆಕ್ಟರ್ ಹಾಕಿದ. ಹಜಾರದಲ್ಲಿ ಊದುಬತ್ತಿಯಿಂದ ದೂರ, ಹಿಂದಿನ ಮೂಲೆಯ ಸೂರಿಗೆ ಕೂರಿಸಿದ.

ಮೊದಲನೇ ಮಹಡಿಯ ಮಾಜಾಂಗ್ ಆಟದ ಕೋಣೆ ಮಾತ್ರ ಕಾಟ ಕೊಟ್ಟಿತು. ಅಲ್ಲಿನ ಆರನೇ ಝೋನು ಎರಡನೇ ದಿನವೇ ಹಳದಿ ತೋರಿಸಿತು. ಹೋಗಿ ನೋಡಿದರೆ ಸೂರಿನಲ್ಲಿ ಡಿಟೆಕ್ಟರ್ ಇಲ್ಲ, ಅದು ಕೂರುವ ಬರಿಯ ತಟ್ಟೆ. ನಾಲ್ವರು ಮುದುಕರು ಬಾಯಲ್ಲಿ ಸಿಗರೇಟು ಕಚ್ಚಿಕೊಂಡು ಗೋಟಿ ಜೋಡಿಸುತ್ತಿದ್ದರು.

"ಇಲ್ಲಿದ್ದದ್ದು ಎಲ್ಲಿ, ಅಂಕಲ್?"

"ಯಾವುದು?"

"ಡ್ರಾಯರಲ್ಲಿರೋದು."

ಒಬ್ಬ ಮುದುಕ ಬೆಚ್ಚಿ ಡ್ರಾಯರ್ ಎಳೆದು ಡಿಟೆಕ್ಟರನ್ನು ಕೊಟ್ಟ. "ನಿಂಗೆ ಹೇಗೆ ಗೊತ್ತಾಯ್ತು?"

"ಪೆಟ್ಟಿಗೆ ಚಾಡಿ ಹೇಳ್ತು."

"ಅದಕ್ಕೆ ಬಾಯಿ ಮುಚ್ಕೊಂಡಿರೋಕೆ ಹೇಳಪ್ಪಾ."

"ನೀವೇ ಹೇಳಿ ನೋಡಿ. ನನ್ನ ಮಾತು ಕೇಳಲ್ಲ," ಎಂದ ಅರುಳಪ್ಪನ್. ಅಂದಿನಿಂದ ಮುದುಕರು ಗೊಣಗುತ್ತ ಬಾಲ್ಕನಿಗೆ ಹೋಗಿ ಸೇದತೊಡಗಿದರು.

ತಪಾಸಣೆಗೆ ಅಗ್ನಿಶಾಮಕ ದಳದಿಂದ ರೊಹಾಯಾ ಎಂಬ ಅಧಿಕಾರಿ ಬಂದಳು. ಏಳು ಝೋನಿಗೆ ಪರೀಕ್ಷೆಯ ಹೊಗೆ ಊದಿಸಿದಳು, ಅಡುಗೆಮನೆಯದಕ್ಕೆ ಬಿಸಿ ಗಾಳಿ ಹಿಡಿಸಿದಳು, ಗಂಟೆ ಕೇಳಿಸಿಕೊಂಡಳು, ಕರೆಂಟು ತೆಗೆಸಿ ಬ್ಯಾಟರಿ ನೋಡಿದಳು. ಪ್ಯಾನೆಲಿನ ಮೇಲೆ ಅರುಳಪ್ಪನ್ ಅಂಟಿಸಿದ್ದ ಜಾಗದ ಪಟ್ಟಿಯನ್ನು ಓದಿದಳು. "ನಂಬರು ಚೆಲ್ಲಾಪಿಲ್ಲಿ ಆಗಿವೆ, ಅಣ್ಣ. ಆದ್ರೆ ಪಟ್ಟಿ ಸರಿಯಾಗಿದೆ," ಎಂದು ಸಹಿ ಹಾಕಿ ಹೋದಳು.

ಸಹಿಯ ಮಸಿ ಒಣಗುವ ಮೊದಲೇ ಹಿತ್ತಾಳೆಯ ಫಲಕ ಬಂತು.

ಶನಿವಾರ ಬೆಳಿಗ್ಗೆ, ಉದ್ಘಾಟನೆಯ ದಿನ, ಅರುಳಪ್ಪನ್ ಬಂದು ನೋಡಿದರೆ ಅವನ ಪಟ್ಟಿ ಕಸದ ಬುಟ್ಟಿಯಲ್ಲಿತ್ತು. ಅದರ ಜಾಗದಲ್ಲಿ ಮಿರಮಿರ ಹೊಳೆಯುವ ಹಿತ್ತಾಳೆ. ಎಂಟು ದೀಪದ ಪಕ್ಕ ಎಂಟು ಹೆಸರು ಕೆತ್ತಿಸಿದ್ದರು, ಚೀನೀ ಲಿಪಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ. ದಾತೋ ಹೆಸರಿನ ಮುಂದೆ ಬಿರುದು, ಹಿಂದೆ ಪದಕಗಳ ಸಾಲು. ಜಾಗದ ಸುದ್ದಿಯೇ ಇರಲಿಲ್ಲ.

"ದಾತೋ, ಇದ್ರಲ್ಲಿ ಯಾವ ದೀಪ ಎಲ್ಲೀದು ಅಂತಾನೇ ಇಲ್ಲ."

"ಅಯ್ಯೋ, ನಮ್ಮವರಿಗೆಲ್ಲ ಗೊತ್ತಪ್ಪ. ಇದೇನು ಅಪರಿಚಿತರ ಮನೇನಾ?"

"ಅಗ್ನಿಶಾಮಕದವರಿಗೆ ಗೊತ್ತಿರಲ್ಲ."

"ಅವರು ನೋಡ್ಕೊಂಡು ಹೋಗಿ ಆಯ್ತಲ್ಲ!"

ಫೂನ್ ಮೇಡಂ ಅವನ ಕೈಗೆ ಕಾರ್ಯಕ್ರಮದ ಪಟ್ಟಿ ಕೊಟ್ಟರು. ಹನ್ನೊಂದಕ್ಕೆ ಸಿಂಹ ಕುಣಿತ. ಹನ್ನೊಂದೂವರೆಗೆ ಊಟ ಆರಂಭ, ಭಾಷಣ. ಸರಿಯಾಗಿ ಹನ್ನೆರಡಕ್ಕೆ ದಾತೋ ಗೋಡೆಯ ಕೆಂಪು ಗುಂಡಿ ಒತ್ತುವರು, ಗಂಟೆ ಮೊಳಗುವುದು, ಚಪ್ಪಾಳೆ. "ಚಪ್ಪಾಳೆ" ಎಂದು ಅಚ್ಚು ಹಾಕಿಸಿದ್ದರು. "ನೀನು ಪೆಟ್ಟಿಗೆ ಪಕ್ಕ ನಿಂತಿರು. ಮಾತಾಡ್ಬೇಡ," ಎಂದರು.

ಅವನು ನಿಂತ. ಸಿಟ್ಟು ಬಂದಿತ್ತು, ಜೊತೆಗೆ ತನ್ನ ಮೇಲೇ ಬೇಸರವೂ ಆಗಿತ್ತು. ಆ ಹಿತ್ತಾಳೆಯನ್ನು ಕಿತ್ತು ಬಿಸಾಕುವ ಧೈರ್ಯ ಇರಬೇಕಿತ್ತು ಅನ್ನಿಸಿತು. ಮೂವತ್ತು ವರ್ಷದಲ್ಲಿ ಎಷ್ಟು ಕಡೆ ಹೀಗೆ ಬಾಯಿ ಮುಚ್ಚಿ ನಿಂತಿದ್ದೇನೋ ಎಂದುಕೊಂಡ.

ಸಂಘದ ನೆಲಮಹಡಿಯಲ್ಲಿ ಬಾಡಿಗೆಗಿದ್ದ ಕಾಫಿ ಅಂಗಡಿಯ ಮೇಜುಗಳನ್ನೆಲ್ಲ ಸೇರಿಸಿ ಕೆಂಪು ಬಟ್ಟೆ ಹಾಸಿದ್ದರು. ಸಿಂಹಗಳು ಕುಣಿದು ಹೋದವು. ದಾತೋ ಭಾಷಣಕ್ಕೆ ಎದ್ದು, ಸುರಕ್ಷತೆ ಎಂಬುದು ತಮ್ಮ ರಕ್ತದಲ್ಲೇ ಹರಿದುಬಂದಿದೆ ಎಂಬಲ್ಲಿಗೆ ಬಂದಿದ್ದರು. ಗಡಿಯಾರದಲ್ಲಿ ಹನ್ನೊಂದು ನಲವತ್ತೆಂಟು. ಗಂಟೆ ಹೊಡೆಯಿತು.

ಇಡೀ ಕಟ್ಟಡ ನಡುಗುವ ಸದ್ದು. ಪ್ಯಾನೆಲಿನಲ್ಲಿ ಎಂಟನೇ ದೀಪ ಕೆಂಪಗೆ ಮಿನುಗುತ್ತಿತ್ತು. ಸೂಂಗ್.

ಸೂಂಗ್ ಕಡೆಯ ಮೇಜಿನವರು ಹೋ ಎಂದು ಚಪ್ಪಾಳೆ ತಟ್ಟಿದರು. ಸೂಂಗ್ ಮೊದಲು ಕಕ್ಕಾಬಿಕ್ಕಿಯಾದ. ಮರುಕ್ಷಣ ಎದ್ದು ಎರಡೂ ಕೈ ಜೋಡಿಸಿ ನಾಲ್ಕೂ ದಿಕ್ಕಿಗೆ ಬಾಗಿದ.

ಅರುಳಪ್ಪನ್ ಫೂನ್ ಮೇಡಂ ಕಿವಿಯ ಹತ್ತಿರ ಕೂಗಿದ. "ಮೇಡಂ, ಯಾರೂ ಗುಂಡಿ ಒತ್ತಿಲ್ಲ! ಎರಡನೇ ಮಹಡೀಲಿ ಏನೋ ಆಗಿದೆ!"

"ಪಟ್ಟೀಲಿ ಹನ್ನೆರಡು ಅಂತ ಇದೆ. ಈಗ್ಯಾಕೆ ಹೊಡೀತು? ನಿಲ್ಸು!"

ದಾತೋ ಭಾಷಣ ಬಿಟ್ಟು ಪ್ಯಾನೆಲಿನ ಹತ್ತಿರ ದಾಪುಗಾಲು ಹಾಕಿ ಬಂದರು. "ಲೋ, ಅವನದ್ಯಾಕೆ ಮೊದಲು ಹತ್ತಿತು? ಸೂಂಗ್ ಏನು ಕೊಟ್ಟ ನಿಂಗೆ?"

"ದಾತೋ, ಮೇಲೆ ಬೆಂಕಿ—"

ಅಷ್ಟರಲ್ಲಿ ಒಂದನೇ ದೀಪವೂ ಹತ್ತಿತು. ಹೊಗೆ ಹಲಗೆಗಳ ಸಂದಿಯಿಂದ ನುಗ್ಗಿ ಮೂರನೇ ಮಹಡಿಯ ಹಜಾರಕ್ಕೆ ಏರಿತ್ತು. ದಾತೋ ಮುಖ ಅರಳಿತು. ತಮ್ಮ ಹೆಸರಿನ ಪಕ್ಕದ ಕೆಂಪನ್ನು ಎರಡು ಸಲ ನೋಡಿ, ಜನರ ಕಡೆ ತಿರುಗಿ ಕೈ ಎತ್ತಿದರು. ಈ ಸಲದ ಚಪ್ಪಾಳೆ ಸೂಂಗ್‌ನದಕ್ಕಿಂತ ಜೋರಾಗಿತ್ತು.

ಅರುಳಪ್ಪನ್ ಮೈಕು ಕಿತ್ತುಕೊಂಡ. "ಮೇಲೆ ಬೆಂಕಿ ಬಿದ್ದಿದೆ! ನಾಟಕ ಅಲ್ಲ! ಎಲ್ಲರೂ ಆಚೆ ನಡೀರಿ!"

"ಎಷ್ಟು ಚೆನ್ನಾಗಿ ಮಾಡ್ತಾನೆ ನೋಡು," ಎಂದು ಮುಂದಿನ ಮೇಜಿನ ಹೆಂಗಸು ಪಕ್ಕದವಳಿಗೆ ಹೇಳಿದಳು. ಆವಿಯಲ್ಲಿ ಬೆಂದ ಮೀನು ಆಗಷ್ಟೇ ಮೇಜಿಗೆ ಬಂದಿತ್ತು, ಯಾರೂ ಕದಲಲಿಲ್ಲ. ಜನರನ್ನು ಎಬ್ಬಿಸಿದವನು ಅಡುಗೆಯವನು. ಹಿಂದಿನ ಸಂದಿಗೆ ನೀರು ಚೆಲ್ಲಲು ಹೋಗಿ ಎರಡನೇ ಮಹಡಿಯ ಕಿಟಕಿಯಿಂದ ಹೊಗೆ ಬರುವುದನ್ನು ಕಂಡು, ಸೌಟು ಹಿಡಿದೇ ಒಳಗೆ ಓಡಿಬಂದು, ದಾತೋ ಎದುರು ಆಡಬಾರದ ಒಂದು ಮಾತು ಕಿರುಚಿದ. ಬೈಗುಳ ಕಾರ್ಯಕ್ರಮದ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಎಲ್ಲರೂ ನಂಬಿದರು. ಕುರ್ಚಿಗಳು ಉರುಳಿದವು.

"ಮೇನ್ ಸ್ವಿಚ್ ಆರಿಸು! ಅಗ್ನಿಶಾಮಕದವರಿಗೆ ಫೋನ್ ಮಾಡು!" ಎಂದು ಅಡುಗೆಯವನಿಗೆ ಕೂಗಿ, ಅರುಳಪ್ಪನ್ ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತಿದ. ಮೊಣಕಾಲು ಪ್ರತಿ ಮೆಟ್ಟಿಲಿಗೂ ಬೈಯುತ್ತಿತ್ತು. ಕರೆಂಟು ಹೋಯಿತು. ಬ್ಯಾಟರಿಯ ಮೇಲೆ ಗಂಟೆ ಮಾತ್ರ ಬಿಡದೆ ಹೊಡೆಯುತ್ತಿತ್ತು.

ಸಿಂಹದ ಕೋಣೆಯ ಬಾಗಿಲಲ್ಲಿ ಯಿಪ್ ಮುದುಕ ಕೆಮ್ಮುತ್ತ ನಿಂತಿದ್ದ. ಕೈಯಲ್ಲಿ ಹಜಾರದ ಹೂದಾನಿ, ಕಾಲ ಬಳಿ ಇನ್ನೆರಡು ಖಾಲಿ ಹೂದಾನಿ. ಸೇವಂತಿಗೆ ಹೂಗಳು ಮೆಟ್ಟಿಲ ತುಂಬ ಬಿದ್ದಿದ್ದವು. ಒಳಗೆ, ಕುಣಿತದವರು ಬಟ್ಟೆ ಇಸ್ತ್ರಿ ಮಾಡಿ ಆರಿಸದೆ ಬಿಟ್ಟುಹೋದ ಇಸ್ತ್ರಿಪೆಟ್ಟಿಗೆಯಿಂದ ಮೇಜಿನ ಬಟ್ಟೆ ಹತ್ತಿ, ಒಂದು ಸಿಂಹದ ತಲೆ ಧಗಧಗ ಉರಿಯುತ್ತಿತ್ತು. ಅರುಳಪ್ಪನ್ ಬಾಗಿಲಲ್ಲೇ ಮಂಡಿಯೂರಿ ಸಿಲಿಂಡರ್ ಖಾಲಿಯಾಗುವವರೆಗೂ ಬಿಳಿ ಪುಡಿ ಹೊಡೆದ. ಜ್ವಾಲೆ ಕುಸಿಯಿತು. ಅವನು ಬಾಗಿಲೆಳೆದುಕೊಂಡು ಮುದುಕನ ರಟ್ಟೆ ಹಿಡಿದ.

"ಗಂಟೆ ಕೇಳಿದ ತಕ್ಷಣ ಆಚೆ ಓಡೋದಲ್ವಾ, ಅಂಕಲ್?"

"ಊಟಕ್ಕೆ ಕರೀತಿದಾರೆ ಅಂದ್ಕೊಂಡು ಇಳೀತಿದ್ದೆ ಕಣೋ," ಎಂದ ಯಿಪ್. "ದಾರೀಲಿ ಇದು ಸಿಕ್ತು."

ಮುದುಕನ ಎಡಗೈಯಲ್ಲಿ ಬೊಬ್ಬೆ ಎದ್ದಿತ್ತು. ಅರುಳಪ್ಪನ್‌ಗೆ ನಗು ಬರಲಿಲ್ಲ. ಮುದುಕನ ಬಲತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲಿಳಿಯತೊಡಗಿದ.

ಕೆಳಗೆ ಅಗ್ನಿಶಾಮಕದ ಗಾಡಿ ಬಂದು ನಿಂತಿತ್ತು. ರೊಹಾಯಾ ಹೆಲ್ಮೆಟ್ ಹಾಕಿಕೊಂಡು ನೇರ ಪ್ಯಾನೆಲಿನ ಮುಂದೆ ಬಂದಳು. ಎರಡು ಕೆಂಪು ದೀಪ ನೋಡಿದಳು, ಹಿತ್ತಾಳೆ ಓದಿದಳು, ಮತ್ತೊಮ್ಮೆ ಓದಿದಳು.

"ದಾತೋ ಲಿಯೂ ಎಲ್ಲಿ?" ಎಂದು ಕೂಗಿದಳು.

"ಅಲ್ಲೇ ಆಚೆ, ಕುರ್ಚಿ ಹಾಕಿ ಕೂರ್ಸಿದ್ದೀವಿ," ಎಂದರು ಫೂನ್ ಮೇಡಂ.

"ಸೂಂಗ್?"

"ಕಾರ್ ದೂರ ನಿಲ್ಸೋಕೆ ಹೋದ್ರು."

"ಮೇಡಂ, ನಾನು ಕೇಳ್ತಿರೋದು ಬೆಂಕಿ ಎಲ್ಲಿದೆ ಅಂತ!"

"ಎರಡನೇ ಮಹಡಿ, ಹಿಂದಿನ ಕೋಣೆ," ಎಂದ ಅರುಳಪ್ಪನ್ ಮೆಟ್ಟಿಲಿಂದಲೇ. "ಜ್ವಾಲೆ ಆರಿದೆ, ಹೊಗೆ ಇದೆ. ಮೂರನೇ ಮಹಡಿ ನೆಲಾನೂ ಒಮ್ಮೆ ನೋಡಿ. ಮೇಲೆ ಜನ ಯಾರೂ ಇಲ್ಲ."

ರೊಹಾಯಾ ತಂಡದವರು ಪೈಪು ಎಳೆದುಕೊಂಡು ಅವನ ಪಕ್ಕದಿಂದ ಮೇಲೆ ನುಗ್ಗಿದರು.

ಒಂದು ಸಿಂಹದ ತಲೆ, ಒಂದು ಮೇಜು, ನಾಲ್ಕು ಹಲಗೆ, ಒಂದು ಗೋಡೆಯ ಬಣ್ಣ. ಹೋದದ್ದು ಇಷ್ಟೇ. ಯಿಪ್ ಮುದುಕನ ಕೈಗೆ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದರು. ಮಂಗಳವಾರದ ಸಮಿತಿ ಸಭೆಯ ನಡಾವಳಿಯಲ್ಲಿ ಫೂನ್ ಮೇಡಂ ಹೀಗೆ ಬರೆದರು: "ಗಣ್ಯರ ಸಮ್ಮುಖದಲ್ಲಿ ಅಲಾರಾಂ ಯಶಸ್ವಿಯಾಗಿ ಪರೀಕ್ಷಿಸಲ್ಪಟ್ಟಿತು." ಮುಂದೆ ಎಲ್ಲಿ ಬೆಂಕಿ ಬಿದ್ದರೂ ಅಧ್ಯಕ್ಷರ ದೀಪವೇ ಮೊದಲು ಹತ್ತುವಂತೆ ಮಾಡಲು ಸಾಧ್ಯವೇ ಎಂದು ದಾತೋ ವಿಚಾರಿಸಿದರು. ಅವರ ಹಜಾರದಲ್ಲೇ ಮೊದಲು ಬೆಂಕಿ ಹಚ್ಚಿದರೆ ಆಗುತ್ತದೆ ಎಂದು ಅರುಳಪ್ಪನ್ ಹೇಳಿದ ಮೇಲೆ ಆ ವಿಷಯ ಕೈಬಿಡಲಾಯಿತು.

ಬುಧವಾರ ರೊಹಾಯಾ ಮತ್ತೆ ಬಂದಳು. ಹಿತ್ತಾಳೆ ಫಲಕ ತೆಗೆಯದಿದ್ದರೆ ಊಟದ ಪರವಾನಗಿ ಇಲ್ಲ ಎಂದಳು. ಈ ಸಲ ಅರುಳಪ್ಪನ್ ಯಾರ ಮುಖವನ್ನೂ ನೋಡಲಿಲ್ಲ. ನಾಲ್ಕು ತಿರುಪು ಬಿಚ್ಚಿ ಫಲಕವನ್ನು ಫೂನ್ ಮೇಡಂ ಕೈಗಿತ್ತು, ಬಿಳಿ ಹಾಳೆ ಅಂಟಿಸಿ, ದಪ್ಪ ಪೆನ್ನು ತೆಗೆದು ನಿಂತುಕೊಂಡೇ ಬರೆಯತೊಡಗಿದ. ಒಂದು: ಮೂರನೇ ಮಹಡಿ, ಪೀಠದ ಹಜಾರ. ಎರಡು: ಮೊದಲನೇ ಮಹಡಿ, ಆಫೀಸು.

ಬೆನ್ನ ಹಿಂದೆ ದಾತೋ ಬಂದು ನಿಂತಿದ್ದರು. ತಗ್ಗಿದ ದನಿಯಲ್ಲಿ, "ಸ್ವಲ್ಪ ಸಣ್ಣಗೆ ಬರಿಯಪ್ಪ. ಪಕ್ಕದಲ್ಲಿ ಹೆಸರಿಗೆ ಒಂದಿಷ್ಟು ಜಾಗ ಬಿಡು," ಎಂದರು.

ಅರುಳಪ್ಪನ್ ಮೂರನೇ ಸಾಲನ್ನು ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೂ ಬರೆದ.