ಏಳು ಮುಚ್ಚಳ

"ಸಭೆ ಆಮೇಲೆ. ಮೊದ್ಲು ಹೋಗಿ ಆ ಕಕ್ಕಸು ನೋಡು. ಬೆಳಗ್ಗಿಂದ ಕಟ್ಕೊಂಡಿದೆ."

ಪುರಸಭೆಯ ಅಧ್ಯಕ್ಷ ಹೀಗೆಂದದ್ದು ನನಗಲ್ಲ. ಹದಿನಾಲ್ಕು ವರ್ಷದಿಂದ ಆ ಕಟ್ಟಡದ ಕಕ್ಕಸು, ಮೋರಿ, ಊರಿನ ಮ್ಯಾನ್‌ಹೋಲುಗಳನ್ನು ನೋಡಿಕೊಳ್ಳುವ ದಿನಗೂಲಿಯವನು ನಾನು. ಸಭಾಂಗಣದ ಬಾಗಿಲಲ್ಲೇ ಪೊರಕೆ ಹಿಡಿದು ನಿಂತಿದ್ದೆ. ಅವನು ಹೇಳಿದ್ದು ನನ್ನ ಅಕ್ಕನಿಗೆ. ಅವಳು ಒಂಬತ್ತು ದಿನದ ಹಿಂದೆ ನಮ್ಮ ಗಲ್ಲಿಯಿಂದ ಆರಿಸಿ ಬಂದ ಸದಸ್ಯೆ. ಅವತ್ತು ಅವಳ ಮೊದಲ ಸಭೆ.

ನಾನು ಒಂದು ಹೆಜ್ಜೆ ಒಳಗಿಟ್ಟೆ. "ನಾನ್ ಹೋಗ್ತೀನಿ ಸಾರ್."

"ನಿನ್ನ ಕೇಳಿದ್ನೇನೋ ಮೀನು? ಅವ್ಳು ಹೋಗ್ಲಿ. ಜನಸೇವೆ ಮಾಡ್ತೀನಿ ಅಂತ ಓಟು ಕೇಳಿದ್ಲಲ್ಲ."

ಮೀನು ಅಂದರೆ ನಾನೇ. ಮುಳುಗಿ ಏಳುತ್ತೇನಲ್ಲ, ಅದಕ್ಕೆ ಇಟ್ಟ ಹೆಸರು. ಉಳಿದ ಸದಸ್ಯರು ಮೇಜಿನ ಮೇಲಿನ ಕಾಗದ ನೋಡುತ್ತಾ ನಕ್ಕರು. ಅಕ್ಕ ಎದ್ದಳು. ಯೋಚನೆ ಕೂಡ ಮಾಡದೆ ಎದ್ದಳು, ಇವತ್ತಿಗೂ ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಇಪ್ಪತ್ತೆರಡು ವರ್ಷ "ಕಟ್ಕೊಂಡಿದೆ" ಎಂದು ಯಾರು ಕೂಗಿದರೂ ಎದ್ದು ಹೋಗಿ ಅಭ್ಯಾಸವಾದ ಕಾಲು. ತೋಳು ಮಡಿಸಿಕೊಳ್ಳುತ್ತಾ ಬಾಗಿಲು ದಾಟಿದ ಮೇಲೆ ತಾನು ಯಾರಾಗಿ ಬಂದಿದ್ದೇನೆಂದು ನೆನಪಾಯಿತೇನೋ, ಗಕ್ಕನೆ ನಿಂತಳು.

"ವಾಪಸ್ ಬಾರೇ," ಎಂದೆ ಮೆಲ್ಲಗೆ.

"ಬಂದಾಯ್ತಲ್ಲ. ಈಗ ತಿರುಗಿ ಹೋದ್ರೆ ಇನ್ನೂ ನಗ್ತಾರೆ. ಬಕೆಟ್ ಕೊಡು."

ಹತ್ತು ನಿಮಿಷದಲ್ಲಿ ಬಿಡಿಸಿದಳು. ಯಾರೋ ಬೇಕೆಂದೇ ಒಳಗೆ ತುರುಕಿದ್ದ ಟವೆಲು. ಅದನ್ನು ಹಿಂಡಿ, ನಾಲ್ಕು ಮಡಿಕೆ ಮಾಡಿ, ತಂದು ಅಧ್ಯಕ್ಷನ ಮುಂದಿಟ್ಟು, "ನಿಮ್ದೇ ಇರ್ಬೇಕು ಸಾರ್" ಎಂದು ತನ್ನ ಕುರ್ಚಿಯಲ್ಲಿ ಹೋಗಿ ಕೂತಳು. ಮೊಣಕೈವರೆಗೂ ಒದ್ದೆ. ಪಕ್ಕದ ಸದಸ್ಯ ತನ್ನ ಕುರ್ಚಿಯನ್ನು ಅತ್ತ ಸರಿಸಿಕೊಂಡ.

ಅಪ್ಪ ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸತ್ತಾಗ ನನಗೆ ಆರು, ಅಕ್ಕನಿಗೆ ಹದಿನಾಲ್ಕು. ಪುರಸಭೆಯವರು ಕನಿಕರ ತೋರಿಸಿ ಅಪ್ಪನ ಪೊರಕೆಯನ್ನು ಅವಳ ಕೈಗೆ ಕೊಟ್ಟರು. ಬೆಳಿಗ್ಗೆ ಗುಮಾಸ್ತರು ಬರುವ ಮೊದಲು ಕಚೇರಿ ಗುಡಿಸುವಾಗ ಗೋಡೆಯ ನೋಟಿಸುಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ ಓದು ಕಲಿತಳು. ಹಾಗಾಗಿ ಅವಳಿಗೆ ಮೊದಲು ಬಂದದ್ದು ಸರ್ಕಾರಿ ಭಾಷೆ. ನಾನು ಜಗಳ ಮಾಡಿದರೆ "ಈ ಮೂಲಕ ತಿಳಿಸುವುದೇನೆಂದರೆ" ಎಂದು ಶುರು ಮಾಡಿ ಬೆನ್ನಿಗೆ ಬಾರಿಸುತ್ತಿದ್ದಳು. ಆಮೇಲೆ ಗಲ್ಲಿಯವರಿಗೆಲ್ಲ ಅರ್ಜಿ ಬರೆದುಕೊಟ್ಟಳು. ಅದರಲ್ಲಿ ಮೂವತ್ತೊಂದು ಅರ್ಜಿ ಒಂದೇ ವಿಷಯಕ್ಕೆ. ಊರಿನ ಒಳಚರಂಡಿಯನ್ನೆಲ್ಲ ತೊಳೆಯುವ ನಮ್ಮ ಗಲ್ಲಿಗೆ ಒಳಚರಂಡಿ ಇರಲಿಲ್ಲ. ಬಾಗಿಲ ಮುಂದೆ ತೆರೆದ ಮೋರಿ. ಅದು ತುಂಬಿದಾಗ ಊರಿನ ಹೊಲಸು ನಮ್ಮ ಮಂಚದ ಕೆಳಗೆ.

ಅಧ್ಯಕ್ಷನ ಪಕ್ಷದವರಿಗೆ ಗಲ್ಲಿಯ ನಾನೂರು ಓಟು ಬೇಕಿತ್ತು. ಕಸ ಗುಡಿಸುವವಳು, ತೋರಿಸಿದ ಕಡೆ ಸಹಿ ಹಾಕುತ್ತಾಳೆ ಎಂದು ಇವಳನ್ನು ನಿಲ್ಲಿಸಿದರು. ಅವಳು ಮನೆಮನೆಗೆ ಹೋಗಿ ಹೇಳಿದ್ದು ಒಂದೇ ಮಾತು: ಮೋರಿ ನೆಲದ ಕೆಳಗೆ ಹೋಗಬೇಕು.

ಅವಳು ಗೆದ್ದ ಎರಡು ತಿಂಗಳಿಗೆ ಒಳಚರಂಡಿ ಕೆಲಸ ಬಂದೇ ಬಂತು. ಗುತ್ತಿಗೆದಾರ ಅಧ್ಯಕ್ಷನ ಭಾಮೈದ. ನಮ್ಮ ನಡುವೆ ಬರುವಾಗಲೆಲ್ಲ ಮೈತುಂಬ ಅತ್ತರು ಸುರಿದುಕೊಳ್ಳುತ್ತಿದ್ದುದರಿಂದ ಗಲ್ಲಿಯಲ್ಲಿ ಅವನ ಹೆಸರು ಸೆಂಟು. ನನ್ನನ್ನೂ ಇನ್ನಿಬ್ಬರನ್ನೂ ಕರೆದು, ಏಳು ಕಡೆ ಬರೀ ಗೇಣು ಆಳ ಅಗೆಸಿ, ಕಾಂಕ್ರೀಟಿನ ಉಂಗುರ ಕೂರಿಸಿ, ಮೇಲೆ ಕಬ್ಬಿಣದ ಮುಚ್ಚಳ ಹಾಕಿಸಿದ.

"ಪೈಪು?" ಎಂದೆ.

"ಪೈಪು ಆಮೇಲೆ ಬರತ್ತೆ. ನೀನೇನು ಇಂಜಿನಿಯರಾ, ಸೂಳೆಮಗನೆ? ಹಾಕು."

ಹಾಕಿದೆ. ಮೂರೇ ದಿನದ ಕೆಲಸ. ನಾಲ್ಕನೇ ದಿನ ರಸ್ತೆಗೆ ಕಪ್ಪಗೆ ಟಾರು ಬಳಿದು, ತೆರೆದ ಮೋರಿಯ ಮೇಲೆ ಹಲಗೆ ಮುಚ್ಚಿದರು. ಹೊರಗಿನಿಂದ ಬಂದವರಿಗೆ ನಮ್ಮ ಗಲ್ಲಿ ಸಾಹೇಬರ ಬಡಾವಣೆಯೇ. ಕೆಳಗೆ ಪೈಪಿಲ್ಲ ಎಂದು ಗಲ್ಲಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ, ಏಕೆಂದರೆ ಅಷ್ಟರಲ್ಲಿ ಅಧ್ಯಕ್ಷ ಒಂದು ಪಟ್ಟಿ ತೋರಿಸಿದ್ದ. ದಿನಗೂಲಿಯ ಹನ್ನೊಂದು ಜನಕ್ಕೆ ಕಾಯಂ ಕೆಲಸ. ಕಾಯಂ ಅಂದರೆ ಮುಖಕ್ಕೆ ಮಾಸ್ಕು, ಸೊಂಟಕ್ಕೆ ಹಗ್ಗ, ಜ್ವರ ಬಂದರೆ ರಜೆ, ಕೆಳಗೇ ಸತ್ತರೆ ಹೆಂಡತಿಗೊಂದು ದಾರಿ. ಮೊದಲ ಹೆಸರು ನನ್ನದು.

"ಕಾಮಗಾರಿ ಮುಗಿದಿದೆ ಅಂತ ನಿಮ್ಮಕ್ಕ ಒಂದು ಸಹಿ ಹಾಕ್ಲಿ," ಎಂದಿದ್ದ ಅಧ್ಯಕ್ಷ. "ಮೇಲಿಂದ ಆಫೀಸರು ಬರ್ತಾರೆ. ಅವ್ರ ಮುಂದೆ ಸಹಿ, ಅಲ್ಲೇ ನಿಮ್ ಆರ್ಡರು. ಮಾತಾಡಿ ಒಪ್ಸು. ನಿನ್ ಮಾತು ಕೇಳ್ತಾಳೆ."

ನಾನು ಹೋದೆ. ಅಕ್ಕ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಇಡುತ್ತಿದ್ದಳು. ಹಲಗೆ ಮುಚ್ಚಿದ ಮೇಲೆ ಮೋರಿಯ ನೀರು ಮುಂದಕ್ಕೆ ಹೋಗದೆ ಒಳಗೆ ಬರುವುದು ಇನ್ನೂ ಹೆಚ್ಚಾಗಿತ್ತು.

"ಸಹಿ ಹಾಕ್ಬಿಡೇ," ಎಂದೆ. "ಒಂದು ಕಾಗದ ತಾನೆ."

"ಆ ತುದಿ ಎತ್ತು."

ಎತ್ತಿದೆ. ಅವಳು ಇಟ್ಟಿಗೆ ತಳ್ಳಿ ಸೊಂಟ ನೆಟ್ಟಗೆ ಮಾಡಿಕೊಂಡಳು.

"ಇಲ್ಲದ್ದನ್ನ ಇಲ್ಲ ಅಂತ ಕೇಳ್ಬೋದು ಕಣೋ. ಇದೆ ಅಂತ ಬರ್ದಾದ್ಮೇಲೆ ಯಾರನ್ನ ಕೇಳ್ಲಿ? ನಿನ್ ಮೊಮ್ಮಕ್ಕಳು ಅರ್ಜಿ ಕೊಟ್ರೂ, ನಿಮ್ ಗಲ್ಲೀಲಿ ಚರಂಡಿ ಇದೆಯಲ್ಲಪ್ಪಾ, ಇಲ್ಲಿ ಸಹಿ ನೋಡು ಅಂತಾರೆ."

"ನನ್ ಮೊಮ್ಮಕ್ಕಳನ್ನ ನೋಡೋಕೆ ನಾನು ಬದುಕಿರ್ಬೇಕಲ್ಲ."

ಅವಳು ಇನ್ನೊಂದು ಇಟ್ಟಿಗೆ ಎತ್ತಿಕೊಂಡಳು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. ನನ್ನೊಳಗೆ ಹದಿನಾಲ್ಕು ವರ್ಷದ ಗಬ್ಬು ಇತ್ತು.

"ಅಪ್ಪ ಸತ್ತ, ನಿನಗೆ ಕೆಲ್ಸ ಸಿಕ್ತು. ನಾನು ಯಾರು ಸಾಯ್ಲಿ ಅಂತ ಕಾಯ್ಲಿ, ಹೇಳು?"

ನನ್ನನ್ನು ಎತ್ತಿ ಆಡಿಸಿದವಳು, ತನ್ನ ತಟ್ಟೆಯಿಂದ ನನ್ನ ತಟ್ಟೆಗೆ ಹಾಕಿದವಳು, ನನಗಾಗಿ ಮದುವೆಯನ್ನೂ ಮಾಡಿಕೊಳ್ಳದವಳು. ಅವಳ ಮುಖ ನೋಡಲಾರದೆ ನೆಲ ನೋಡಿದೆ. ಕೈಯ ಮಣ್ಣು ಒರೆಸಿಕೊಂಡು ಕೇಳಿದಳು:

"ಮೊದಲ್ನೇ ಹೆಸರು ನಿಂದೇನಾ?"

"ಹೂಂ."

"ಸರಿ. ಬರ್ತಾಳೆ ಅಂತ ಹೇಳು."

ಮರುದಿನ ಹನ್ನೊಂದು ಗಂಟೆಗೆ ಗಲ್ಲಿಯ ಬಾಯಲ್ಲಿ ವೇದಿಕೆ ಸಿದ್ಧವಾಗಿತ್ತು. ಆಫೀಸರಿಗೆ, ಅಧ್ಯಕ್ಷನಿಗೆ, ಸೆಂಟುಗೆ ಮೆತ್ತನೆಯ ಕುರ್ಚಿ, ತುದಿಯಲ್ಲಿ ಅಕ್ಕನಿಗೆ ಪ್ಲಾಸ್ಟಿಕ್ಕಿನದು. ಫೋಟೋದವರು ಇಬ್ಬರು ಬಂದಿದ್ದರು. ಗಲ್ಲಿಗೆ ಗಲ್ಲಿಯೇ ಮುಂದೆ ನಿಂತಿತ್ತು. ಪಟ್ಟಿಯಲ್ಲಿದ್ದ ಹನ್ನೊಂದು ಜನ ಒಗೆದ ಶರಟು ಹಾಕಿಕೊಂಡು ಮೊದಲ ಸಾಲಿನಲ್ಲಿದ್ದೆವು.

"ಕಸ ಗುಡಿಸೋ ಹೆಣ್ಮಗಳನ್ನ ನಮ್ಮ ಪಕ್ಷ ಎಲ್ಲಿ ತಂದು ಕೂರ್ಸಿದೆ ನೋಡಿ," ಎಂದು ಅಧ್ಯಕ್ಷ ಮೈಕಿನಲ್ಲಿ ಹೇಳಿ ಅಕ್ಕನ ಮುಂದೆ ಕಡತ ಬಿಡಿಸಿಟ್ಟ. ಪಕ್ಕದಲ್ಲೇ ನಮ್ಮ ಹನ್ನೊಂದು ಆರ್ಡರುಗಳು. ಅಕ್ಕ ಪೆನ್ನು ತೆಗೆದುಕೊಂಡಳು. ನಿಜ ಹೇಳುತ್ತೇನೆ, ಆಗ ನನಗೆ ಖುಷಿಯಾಯಿತು.

ಅವಳು ಬರೆಯಲಿಲ್ಲ. ಎದ್ದು ಮೈಕಿನ ಹತ್ತಿರ ಹೋದಳು.

"ಸಾರ್, ನಮ್ ಕಸುಬಲ್ಲಿ ಒಂದು ರೂಢಿ. ಒಬ್ಬ ಇಳಿದು ನೋಡೋ ತನಕ ಲೈನು ಸರಿ ಇದೆ ಅಂತ ಯಾರೂ ಹೇಳಲ್ಲ. ಒಬ್ಬ ಇಳೀಲಿ. ಮೇಲ್ ಬಂದು ಸರಿ ಇದೆ ಅಂದ್ರೆ ನಾನು ಸಹಿ ಹಾಕ್ತೀನಿ."

ಸೆಂಟು ಕುರ್ಚಿಯಿಂದ ಅರ್ಧ ಎದ್ದ. ಅಧ್ಯಕ್ಷ ನಗಲು ನೋಡಿದ. "ಅದೆಲ್ಲ ಯಾಕೀಗ. ಸಾಹೇಬ್ರಿಗೆ ಟೈಮಿಲ್ಲ."

ಆಫೀಸರಿಗೆ ಏನೂ ಗೊತ್ತಿರಲಿಲ್ಲ. ಮೂಗಿಗೆ ಕರ್ಚೀಫು ಹಿಡಿದು ಗಡಿಯಾರ ನೋಡಿಕೊಂಡ. "ಇಳೀಲಿ ಬಿಡ್ರಿ, ಎರಡು ನಿಮಿಷ. ಫೋಟೋನೂ ಆಗತ್ತೆ."

"ಹಗ್ಗ, ಮಾಸ್ಕು ಏನೂ ತಂದಿಲ್ಲ ಸಾರ್," ಎಂದ ಅಧ್ಯಕ್ಷ. ಮನುಷ್ಯರ ಮೇಲೆ ಅವನಿಗೆ ಅಷ್ಟು ಕಾಳಜಿ ನಾನು ಅವತ್ತೇ ನೋಡಿದ್ದು.

"ಏನಾಗಲ್ಲ. ಇವ್ರಿಗೆಲ್ಲ ಅಭ್ಯಾಸ ಇರತ್ತೆ."

ಅಕ್ಕ ಯಾರ ಹೆಸರನ್ನೂ ಕರೆಯಲಿಲ್ಲ. ಮೈಕು ಬಿಟ್ಟು ಸುಮ್ಮನೆ ನಿಂತಳು. ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಸಿಟ್ಟಿಗಾದರೂ ನಾನು ಕದಲುತ್ತಿರಲಿಲ್ಲ.

ಪಕ್ಕದಲ್ಲಿದ್ದ ಪಟ್ಟಿಯ ಎರಡನೇ ಹೆಸರಿನವನು, ನನ್ನ ಮಾವ, ನನ್ನ ಮಣಿಕಟ್ಟು ಹಿಡಿದ. "ಬೇಡ ಕಣೋ. ಕೈಗೆ ಬಂದಿದೆ, ಹಾಳ್ಮಾಡ್ಕೋಬೇಡ." ಅವನ ಮಗಳು, ನನ್ನ ಹೆಂಡತಿ, ಹಿಂದೆ ಎಲ್ಲೋ ಮಗುವನ್ನೆತ್ತಿಕೊಂಡು ನಿಂತಿದ್ದಳು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ವೇದಿಕೆ ಇಳಿದು ಬಂದ ಅಧ್ಯಕ್ಷ ನನ್ನ ಕಿವಿಯ ಹತ್ತಿರ ಬಾಯಿ ತಂದ.

"ಒಂದ್ ಹೆಜ್ಜೆ ಇಟ್ಟೆ ಅಂದ್ರೆ ಹನ್ನೊಂದೂ ಹರ್ದಾಕ್ತೀನಿ. ನಿನ್ನೊಬ್ಬಂದಲ್ಲ, ಹನ್ನೊಂದೂ."

"ಏನ್ರೀ ಅದು ಗುಸುಗುಸು?" ಎಂದ ಆಫೀಸರು ಮೇಲಿನಿಂದ. "ಒಬ್ನನ್ನ ಇಳ್ಸೋಕೆ ಎಷ್ಟು ಹೊತ್ತು?"

ಇಳಿಸುವುದು. ಬಕೆಟು ಇಳಿಸುತ್ತಾರೆ, ಸಾಮಾನು ಇಳಿಸುತ್ತಾರೆ, ನಮ್ಮನ್ನೂ ಇಳಿಸುತ್ತಾರೆ. ಅಪ್ಪನನ್ನೂ ಯಾರೋ ಹೀಗೇ ಗಡಿಯಾರ ನೋಡಿಕೊಂಡು ಇಳಿಸಿರಬೇಕು. ಮಾವನ ಕೈಯಿಂದ ಮಣಿಕಟ್ಟು ಬಿಡಿಸಿಕೊಂಡೆ. ವೇದಿಕೆಯ ಮೂಲೆಗೆ ಒರಗಿಸಿದ್ದ ಹಾರೆ ಎತ್ತಿಕೊಂಡು ಮೊದಲ ಮುಚ್ಚಳದ ಹತ್ತಿರ ನಡೆದೆ. ಶರಟು ಬಿಚ್ಚಿ ಇಟ್ಟೆ. ಸಂದಿಗೆ ಹಾರೆ ಹಾಕಿ ಮೈಭಾರ ಬಿಟ್ಟೆ. ನಾನೇ ಕೂರಿಸಿದ ಮುಚ್ಚಳ, ಅದರ ಪಟ್ಟು ನನಗಲ್ಲದೆ ಯಾರಿಗೆ ಗೊತ್ತು. ಅದು ಎದ್ದು, ಹೊರಳಿ, ಟಾರಿನ ಮೇಲೆ ಬಿತ್ತು.

ಇಳಿಯುವ ಮುನ್ನ ಅಭ್ಯಾಸದಂತೆ ಎದೆ ತುಂಬ ಉಸಿರು ಎಳೆದು, ಬಾಯಿ ಬಿಗಿದು, ಕಣ್ಣು ಮುಚ್ಚಿಕೊಂಡೆ. ಕಾಲು ಇಟ್ಟೆ. ಮಣ್ಣು ಸಿಕ್ಕಿತು. ಇನ್ನೊಂದು ಕಾಲನ್ನೂ ಇಟ್ಟೆ.

ಕಣ್ಣು ತೆರೆದಾಗ ಉಂಗುರದ ಅಂಚು ನನ್ನ ಮೀನಖಂಡಕ್ಕೂ ಬಂದಿರಲಿಲ್ಲ. ಆಫೀಸರು ಕರ್ಚೀಫು ತೆಗೆದು ನನ್ನ ಕಾಲನ್ನೇ ನೋಡುತ್ತಿದ್ದ. ಫೋಟೋದವರು ಒಬ್ಬರನ್ನೊಬ್ಬರು ತಳ್ಳಿಕೊಂಡು ಮುಂದೆ ಬಂದರು. ಗಲ್ಲಿಯಲ್ಲಿ ಯಾರೂ ನಗಲಿಲ್ಲ. ಅಧ್ಯಕ್ಷ ವೇದಿಕೆ ಹತ್ತಿ ಹನ್ನೊಂದು ಕಾಗದಗಳನ್ನು ಒಟ್ಟು ಮಾಡಿ ಮಡಚಿ ಜೇಬಿಗಿಟ್ಟುಕೊಂಡ. ಹತ್ತು ಮನೆಯವರು ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮಾವ ಒಗೆದ ಶರಟಿನಲ್ಲಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು.

ಸೆಂಟುಗೆ ಬೇರೇನೂ ತೋಚಲಿಲ್ಲ. ದಿನಾ ಗುಂಡಿಯ ಬಾಯಲ್ಲಿ ನಿಂತು ನಮಗೆ ಕೂಗುವುದನ್ನೇ ಕೂಗಿದ.

"ಮೇಲ್ ಬಾರೋ, ಬೋಳಿಮಗನೆ."

ತಡೆಹಿಡಿದಿದ್ದ ಉಸಿರು ಬಿಟ್ಟೆ. ಬರಿ ಮೈಯಲ್ಲಿ, ಕಾಲಿನಿಂದ ತಲೆಯವರೆಗೂ ಎಲ್ಲರಿಗೂ ಕಾಣುವಂತೆ ನಿಂತು ಅವನನ್ನೇ ಕೇಳಿದೆ:

"ಎಲ್ಲಿಂದ ಬರ್ಲಿ?"